ದಪ್ಪ ಕಣಗಿಲೆ

ನಮ್ಮ ಹಾಸ್ಟೆಲ್‌ನ ಮೂರನೇ ಮಹಡಿಗೆ ಯಾರೇ ಹೊಸಬರು ಬರಲಿ, ನನ್ನ ರೂಮಿನ ಕಿಟಕಿ ಕಡೆ ನೋಡಿ ಕೇಳೋ ಮೊದಲ ಪ್ರಶ್ನೆ ಒಂದೇ: "ಮಗಾ, ಕುಂಡದಲ್ಲಿ ಆಲೂಗಡ್ಡೆ ಯಾಕೆ ಇಟ್ಟಿದೀಯ?"

ಅದು ಆಲೂಗಡ್ಡೆ ಅಲ್ಲ, ಅಡೀನಿಯಂ. ಮಣ್ಣಿನ ಮೇಲೆ ಮುಷ್ಟಿ ಗಾತ್ರದ ಒಂದು ಬೂದು ಗಡ್ಡೆ, ಅದರ ತಲೆಯಿಂದ ಹೊರಟ ಮೂರು ಮೋಟು ಕೊಂಬೆ, ಕೊಂಬೆಯ ತುದಿಯಲ್ಲಿ ಮಾತ್ರ ಒಂದಿಷ್ಟು ಎಲೆ. ನಾಲ್ಕು ವರ್ಷದಲ್ಲಿ ನಾನು ಇದಕ್ಕೆ ಮಾಡಿದ ಉಪಕಾರ, ಅಪಕಾರ ಎರಡನ್ನೂ ಇಲ್ಲಿ ಬರೆದುಬಿಡೋಣ ಅಂತ. ಇನ್ನೆರಡು ತಿಂಗಳಿಗೆ ನಾನೂ ಇದೂ ರೂಮು ಖಾಲಿ ಮಾಡಬೇಕು.

ಇದನ್ನು ಕೊಂಡದ್ದು ಮೊದಲ ವರ್ಷದ ಜನವರಿಯಲ್ಲಿ, ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಕ್ಲಾಸಿನವರೆಲ್ಲ ಗುಂಪಾಗಿ ಹೋದಾಗ. ಗಾಜಿನ ಮನೆಯಲ್ಲಿ ತಳ್ಳಾಟ, ಸೆಲ್ಫಿ ಎಲ್ಲ ಮುಗಿಸಿ ಹೊರಗೆ ಬಂದರೆ ಗಿಡ ಮಾರೋ ಮಳಿಗೆಗಳ ಸಾಲು. ಅಲ್ಲಿ ಮೂರು ಗುಲಾಬಿ ಬಣ್ಣದ ಹೂ ಬಿಟ್ಟುಕೊಂಡು ಇದು ಕೂತಿತ್ತು. ಇನ್ನೂರು ರೂಪಾಯಿ. "ನೀರು ಕೇಳಲ್ಲ ಸರ್, ಬಿಸಿಲು ಕೊಡಿ ಸಾಕು" ಅಂದ ಅಂಗಡಿಯವನು. ನನಗೆ ಜನ್ಮದಲ್ಲಿ ಮೊದಲ ಸಲ ಯಾರೋ "ಸರ್" ಅಂದಿದ್ದರು. ಆ ಖುಷಿಗೆ ಚೌಕಾಸಿ ಕೂಡ ಮಾಡದೆ ತಗೊಂಡೆ.

ರೂಮಿಗೆ ಬಂದು ಗೂಗಲ್ ಮಾಡಿದಾಗ ಗೊತ್ತಾಯ್ತು, ಇದರ ಇಂಗ್ಲಿಷ್ ಹೆಸರು ಡೆಸರ್ಟ್ ರೋಸ್ ಅಂತ. ಆದರೆ ಗುಲಾಬಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಕಣಗಿಲೆಯ ಕುಟುಂಬದ್ದು. ನಮ್ಮ ಊರುಗಳ ದೇವಸ್ಥಾನದ ಅಂಗಳದಲ್ಲಿರೋ ದೇವಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಎಲ್ಲ ಇದರ ನೆಂಟರೇ. 18ನೇ ಶತಮಾನದಲ್ಲಿ ಡೆನ್ಮಾರ್ಕ್‌ನ ರಾಜ ಅರೇಬಿಯಾಕ್ಕೆ ಕಳಿಸಿದ ತಂಡವೊಂದರಲ್ಲಿ ಪೀಟರ್ ಫೋರ್ಸ್‌ಕೋಲ್ ಅನ್ನೋ ಸಸ್ಯವಿಜ್ಞಾನಿ ಇದ್ದ. ಲಿನೇಯಸ್‌ನ ಶಿಷ್ಯ. ಗಿಡ ಹುಡುಕ್ತಾ ಹೋದವನು 1763ರಲ್ಲಿ ಯೆಮೆನ್‌ನಲ್ಲೇ ಮಲೇರಿಯಾದಿಂದ ತೀರಿಕೊಂಡ. ಆ ತಂಡದಲ್ಲಿ ಬದುಕಿ ಊರಿಗೆ ವಾಪಸ್ಸಾದದ್ದು ಕಾರ್ಸ್ಟನ್ ನೀಬೂರ್ ಒಬ್ಬನೇ. ಸತ್ತ ಗೆಳೆಯನ ಟಿಪ್ಪಣಿಗಳನ್ನು ಅವನು 1775ರಲ್ಲಿ ಪುಸ್ತಕ ಮಾಡಿಸಿದ. ಆ ಪುಸ್ತಕದಲ್ಲಿ ಈ ಗಿಡಕ್ಕೆ ಇದ್ದ ಹೆಸರು ನೀರಿಯಂ ಒಬೇಸಮ್. ನೀರಿಯಂ ಅಂದರೆ ಕಣಗಿಲೆ, ಒಬೇಸಮ್ ಅಂದರೆ ದಪ್ಪ. ದಪ್ಪ ಕಣಗಿಲೆ! 1819ರಲ್ಲಿ ಇದನ್ನು ಅಡೀನಿಯಂ ಅನ್ನೋ ಬೇರೆ ಕುಲಕ್ಕೆ ಸೇರಿಸಿದರು, ಆದರೆ "ಒಬೇಸಮ್" ಮಾತ್ರ ಹಾಗೇ ಉಳಿಯಿತು. ಪಾಪ, ಇನ್ನೂರೈವತ್ತು ವರ್ಷದಿಂದ ಬಾಡಿ ಶೇಮಿಂಗ್.

ಆದರೆ ಇದರ ಬದುಕೇ ಆ ದಪ್ಪದಲ್ಲಿದೆ. ಸಹಾರಾದ ದಕ್ಷಿಣದ ಅಂಚಿನಿಂದ ಪೂರ್ವ ಆಫ್ರಿಕಾ, ಅರೇಬಿಯಾದವರೆಗೆ ಇದರ ಊರು. ಅಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಬಂದಾಗ ಹೀರಿಕೊಂಡು ಗಡ್ಡೆಯಲ್ಲಿ ತುಂಬಿಟ್ಟುಕೊಳ್ಳುತ್ತೆ, ಇಲ್ಲದಾಗ ಎಲೆ ಉದುರಿಸಿ ಅದರಲ್ಲೇ ದಿನ ದೂಡುತ್ತೆ. ನಮ್ಮ ಇಸಿಯವರಿಗೆ ಒಂದೇ ಮಾತಲ್ಲಿ ಹೇಳಬೇಕು ಅಂದರೆ ಅದೊಂದು ಕೆಪಾಸಿಟರ್. ಇನ್ನೊಂದು ವಿಷಯ: ಎಲ್ಲಿ ಮುರಿದರೂ ಸುರಿಯೋ ಹಾಲು ವಿಷ. ಆಫ್ರಿಕಾದ ಕೆಲವು ಕಡೆ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದದ್ದು ಇದನ್ನೇ. ರೂಮಿನಲ್ಲಿ ಬೆಕ್ಕು ಸಾಕಿರೋರು (ಯಾರು ಅಂತ ನಾನು ವಾರ್ಡನ್‌ಗೆ ಹೇಳಲ್ಲ) ಹುಷಾರಾಗಿರಿ.

ಮೊದಲ ಒಂದೂವರೆ ವರ್ಷ ಗಿಡ ಆರಾಮಾಗಿತ್ತು. ಕಾರಣ ಸರಳ, ನಾನು ಅದನ್ನು ಮರೆತಿದ್ದೆ. ನೆನಪಾದಾಗ ಒಂದು ಲೋಟ ನೀರು, ಅಷ್ಟೇ. ಕಿಟಕಿಗೆ ಬೆಳಗ್ಗೆ ಬಿಸಿಲು ಬರುತ್ತಿತ್ತು. ಬೆಳೀತಿತ್ತಾ ಅಂದರೆ, ಬೆಳೀತಿತ್ತೇನೋ. ಆರು ತಿಂಗಳ ಹಿಂದಿನ ಫೋಟೋ ಪಕ್ಕ ಇಟ್ಟರೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಎರಡನೇ ವರ್ಷದ ಮಳೆಗಾಲ ಶುರುವಾಗೋ ಹೊತ್ತಿಗೆ ಮೂರನೇ ಸೆಮ್ ರಿಸಲ್ಟ್ ಬಂತು. ನಾಲ್ಕು ಸಬ್ಜೆಕ್ಟ್ ಗೋತಾ.

ಪಿಯುಸಿಯಲ್ಲಿ ತೊಂಬತ್ತು ದಾಟಿದ್ದ ನನ್ನನ್ನು ಊರಲ್ಲಿ ಮಾದರಿ ಮಗ ಅಂತ ತೋರಿಸುತ್ತಿದ್ದರು. ನಮ್ಮದು ತೀರ್ಥಹಳ್ಳಿ ಕಡೆ, ಸಣ್ಣ ಅಡಿಕೆ ತೋಟ. ನನ್ನ ಫೀಸು ಕಟ್ಟೋಕೆ ಅಪ್ಪ ಕೆಂಪಡಿಕೆಯನ್ನು ರೇಟು ಏರೋ ತನಕ ಕಾಯದೆ ಮಾರಿದ್ದು ನನಗೆ ಗೊತ್ತಿತ್ತು. ಅವತ್ತು ಸಂಜೆ ಅಪ್ಪ ಫೋನ್ ಮಾಡಿ "ರಿಸಲ್ಟ್ ಬಂತಾ?" ಅಂದಾಗ "ಇನ್ನೂ ಇಲ್ಲ" ಅಂದುಬಿಟ್ಟೆ. ಮಾರನೇ ವಾರವೂ ಅದನ್ನೇ ಅಂದೆ. ಆಮೇಲೆ ಫೋನ್ ಎತ್ತೋದನ್ನೇ ಕಮ್ಮಿ ಮಾಡಿದೆ. ನಾನು ಎತ್ತದಷ್ಟೂ ಅವರು ಜಾಸ್ತಿ ಮಾಡೋರು, ಜಾಸ್ತಿ ಮಾಡಿದಷ್ಟೂ ನನಗೆ ಎತ್ತೋಕೆ ಕಷ್ಟ.

ಆ ದಿನಗಳಲ್ಲೇ ನನಗೆ ಗಿಡದ ಮೇಲೆ ವಿಪರೀತ ಪ್ರೀತಿ ಬಂದದ್ದು. ಪುಸ್ತಕ ತೆರೆಯೋಕೆ ಭಯ, ಕ್ಲಾಸಿಗೆ ಹೋದರೆ ಎಲ್ಲರೂ ನನ್ನೇ ನೋಡ್ತಿದಾರೆ ಅನ್ನೋ ಭಾವನೆ. ಗಿಡಕ್ಕೆ ನೀರು ಹಾಕೋದು ಮಾತ್ರ ನನ್ನ ಕೈಲಾಗುತ್ತಿದ್ದ ಕೆಲಸ. ದಿನಾ ಹಾಕಿದೆ. ಬಾಟಲಿಯಲ್ಲಿ ಉಳಿದ ನೀರೆಲ್ಲ ಅದಕ್ಕೇ. ಹೊರಗೆ ನೋಡಿದರೆ ಮೋಡ, ಜಿಟಿಜಿಟಿ, ಹದಿನೈದು ದಿನ ಬಿಸಿಲೇ ಇಲ್ಲ.

ಎಲೆ ಹಳದಿಯಾಗಿ ಜೋತು ಬಿತ್ತು. ಬಾಯಾರಿದೆ ಅಂದುಕೊಂಡು ಇನ್ನಷ್ಟು ಹಾಕಿದೆ.

ಇಲ್ಲೇ ನೋಡಿ ಎಲ್ಲರೂ ಎಡವೋದು. ನೀರು ಕಮ್ಮಿಯಾದರೂ ಎಲೆ ಹಳದಿ, ಜಾಸ್ತಿಯಾದರೂ ಎಲೆ ಹಳದಿ. ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿ ಸಿಗಲ್ಲ, ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ. ನೀರು ಮೇಲೆ ಬರದೆ ಎಲೆ ಬಾಡುತ್ತೆ. ಬಾಡಿದ್ದು ನೋಡಿ ನಾವು ಮತ್ತೆ ನೀರು ಹಾಕ್ತೀವಿ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಬೋರ್ಡ್ ಮೇಲೆ ಬರೆದಿದ್ದನ್ನು ನೋಟ್ಸಿಗೆ ಇಳಿಸಿಕೊಂಡಿದ್ದೆ. ಅದೇ ಲೂಪು ನನ್ನ ಕಿಟಕಿಯಲ್ಲಿ ಓಡ್ತಾ ಇತ್ತು, ಫೋನಿನಲ್ಲೂ ಓಡ್ತಾ ಇತ್ತು. ನನಗೆ ಎರಡೂ ಕಾಣಲಿಲ್ಲ.

ಒಂದು ಭಾನುವಾರ ಸುಮ್ಮನೆ ಗಡ್ಡೆ ಮುಟ್ಟಿದೆ. ಹೆಬ್ಬೆರಳು ಒಳಗೆ ಇಳಿಯಿತು. ಬಗ್ಗಿ ಮೂಸಿ ನೋಡಿದೆ.

ಆ ವಾಸನೆ ನನಗೆ ಗೊತ್ತಿತ್ತು. ಜುಲೈ ತಿಂಗಳಲ್ಲಿ ನಮ್ಮ ತೋಟದಲ್ಲಿ ಬರೋದು ಥೇಟ್ ಅದೇ ಥರದ ವಾಸನೆ. ಕೊಳೆ. ಅಡಿಕೆ ಬೆಳೆಯೋ ಮನೆಯವರಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಮಲೆನಾಡಿನ ಮಳೆಯಲ್ಲಿ ಎಳೆ ಅಡಿಕೆಗೆ ಬರೋ ರೋಗ, ಕಾಯಿ ಕೊಳೆತು ರಾಶಿ ರಾಶಿ ಉದುರುತ್ತೆ. ಇಂಗ್ಲಿಷ್ ಪುಸ್ತಕಗಳೂ ಇದನ್ನು "ಕೊಳೆರೋಗ" ಅಂತಲೇ ಕರೀತಾವೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಇದರ ಬಗ್ಗೆ ಬರೆದಿದ್ದ. ಬೋರ್ಡೋ ದ್ರಾವಣ ಹೊಡೆಯೋದನ್ನು ನಮ್ಮ ಕಡೆಯ ತೋಟಗಳಿಗೆ ಕಲಿಸಿದ್ದೂ ಅವನೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಹದ ಸರಿಯಾಗಿದೆಯಾ ಅಂತ ನೋಡೋಕೆ ಅಪ್ಪ ಫಳಫಳ ಹೊಳೆಯೋ ಕತ್ತಿ ಅದ್ದುತ್ತಾನೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಕಬ್ಬಿಣದ ಮೇಲೆ ತಾಮ್ರ ಕೂರೋದು ಅದು. ಅಪ್ಪನಿಗೆ ರಿಡಾಕ್ಸ್ ರಿಯಾಕ್ಷನ್ ಅಂದರೆ ಗೊತ್ತಿಲ್ಲ, ಆದರೆ ಒಂದು ವರ್ಷವೂ ಹದ ತಪ್ಪಿಲ್ಲ.

ಮೂಗಿನಲ್ಲಿ ಆ ವಾಸನೆ ಇಟ್ಟುಕೊಂಡು ಎರಡು ವಾರದಿಂದ ಎತ್ತದಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ.

"ಎಂತ ಆಯ್ತು ಮಾರಾಯ? ನೀನಾಗೇ ಮಾಡಿದ್ಯಲ್ಲ?" ಅಪ್ಪನ ದನಿಯಲ್ಲಿ ಗಾಬರಿ ಇತ್ತು.

"ಅಪ್ಪಾ, ಒಂದು ಗಿಡ ಕೊಳೀತಾ ಇದೆ."

ಆಚೆ ಕಡೆ ಒಂದು ಕ್ಷಣ ಬರೀ ಮಳೆ ಸದ್ದು. ಆಮೇಲೆ ಅಪ್ಪ ಯಾವ ಗಿಡ, ಹಾಲು ಬರುತ್ತಾ, ಎಲ್ಲಿಂದ ಮೆತ್ತಗಾಗಿದೆ ಅಂತ ಒಂದೊಂದೇ ಕೇಳಿದ. ಕಣಗಿಲೆ ಜಾತಿ ಅಂದೆ.

"ಹಂಗಾದ್ರೆ ಮೊದ್ಲು ಕಣ್ಣಿಗೆ ಕೈ ಹಚ್ಕೊಬೇಡ. ಕುಂಡದಿಂದ ಕಿತ್ತು ಬೇರು ತೊಳಿ. ಚಾಕು ಬೆಂಕಿಲಿ ಕಾಸ್ಕೋ. ಕಂದು ಬಣ್ಣ ಇರೋ ತನಕ ಕೊಯ್ತಾ ಹೋಗು, ಬೆಳ್ಳಗೆ ತಿರುಳು ಕಾಣ್ಬೇಕು. ಒಂದು ಸಲ ಕೊಯ್ದ ಮೇಲೆ ಚಾಕು ಒರೆಸಿ ಮತ್ತೆ ಕೊಯ್ಯಿ. ಅಯ್ಯೋ ಪಾಪ ಅಂತ ಒಂಚೂರು ಉಳಿಸಿದ್ಯೋ, ನಾಡಿದ್ದಿಗೆ ಪೂರ್ತಿ ಹೋಗ್ತದೆ."

ಸ್ಪೀಕರ್ ಆನ್ ಮಾಡಿ ಮೊಬೈಲ್ ನೆಲದ ಮೇಲಿಟ್ಟು, ಮೆಸ್ಸಿನ ಅಣ್ಣನ ಹತ್ತಿರ ತಂದ ಚಾಕುವಿನಲ್ಲಿ ಕೊಯ್ದೆ. ಗಡ್ಡೆಯ ಮುಕ್ಕಾಲು ಪಾಲು ಹೋಯಿತು. ಬೇರು ಒಂದೂ ಉಳಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಬುಡ ಕತ್ತರಿಸಿದ ಮೂಲಂಗಿ ಥರದ ಒಂದು ತುಂಡು, ಅದರ ಮೇಲೆ ಎರಡು ಬೋಳು ಕೊಂಬೆ.

"ಬೆಳ್ಳಗೆ ಬಂತಾ?"

"ಬಂತು."

"ಹಾಲು ಒರೆಸಿ ತಾಮ್ರದ ಔಷಧಿ ಹಚ್ಚು, ನರ್ಸರಿಲಿ ಸಿಕ್ತದೆ. ನೆರಳಲ್ಲಿ ಒಂದು ವಾರ ಹಂಗೇ ಒಣಗ್ಲಿ. ಗಾಯ ಮುಚ್ಚೋ ತನಕ ಮಣ್ಣಿಗೆ ಇಡ್ಬೇಡ. ಇಟ್ಟ ಮೇಲೂ ಒಂದು ವಾರ ನೀರು ತೋರಿಸ್ಬೇಡ."

"ಸರಿ."

"ಮತ್ತೆ," ಅಪ್ಪ ಒಂಚೂರು ತಡೆದು ಕೇಳಿದ, "ಎಷ್ಟು ಹೋಗಿದೆ?"

ಗಿಡದ್ದಲ್ಲ ಅಂತ ಗೊತ್ತಾಯ್ತು. ಸುಳ್ಳು ಹೇಳೋ ಶಕ್ತಿ ಇರಲಿಲ್ಲ. "ನಾಲ್ಕು."

"ನಾಲ್ಕಾ? ನಾನು ಆರೂ ಹೋಗಿದೆ ಅಂದ್ಕೊಂಡಿದ್ದೆ."

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳೋಕಾಗಲ್ಲ. ಆಮೇಲೆ ಅಪ್ಪನೇ ಮುಂದುವರಿಸಿದ. ಆ ವರ್ಷ ಎರಡನೇ ಸಲ ಔಷಧಿ ಹೊಡೆಯೋಕೆ ಮಳೆ ಬಿಡುವೇ ಕೊಡಲಿಲ್ಲವಂತೆ. ಕೆಳಗಿನ ತೋಟ ಅರ್ಧಕ್ಕರ್ಧ ಕೊಳೆ. ದಿನಾ ಬೆಳಗ್ಗೆ ಅಮ್ಮ ಉದುರಿದ ಕಾಯಿ ಆರಿಸ್ತಾ ಇದ್ದಾಳಂತೆ. "ನಿಂಗೆ ಓದೋದಿರ್ತದೆ, ಹೇಳಿ ಎಂತ ಮಾಡೋದು ಅಂತ ಸುಮ್ನಿದ್ದೆ" ಅಂದ.

ಎರಡು ವಾರ ನಾನು ಅವರಿಂದ ಮುಚ್ಚಿಟ್ಟಿದ್ದೆ, ಅವರು ನನ್ನಿಂದ. ಅವತ್ತು ಒಂದು ಗಂಟೆ ಮಾತಾಡಿದೆವು. ಸೆಮ್ ಫೀಸು ಹೇಗೆ ಕಟ್ಟೋದು ಅಂತಲೂ ಮಾತಾಡಿದೆವು. ನಾನು ಒಬ್ಬ ದೊಡ್ಡ ಮನುಷ್ಯ ಅನ್ನೋ ಥರ ಅಪ್ಪ ನನ್ನ ಹತ್ತಿರ ದುಡ್ಡಿನ ಲೆಕ್ಕ ಮಾತಾಡಿದ್ದು ಅದೇ ಮೊದಲು.

ಆಮೇಲಿನದ್ದು ಕಾಯೋ ಕತೆ. ಹೊಸ ಮಣ್ಣನ್ನು ನಾನೇ ಕಲೆಸಿದೆ. ಅರ್ಧ ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು (ಹೊಸ ಬ್ಲಾಕ್ ಕಟ್ಟುತ್ತಿದ್ದ ಜಾಗದಲ್ಲಿ ಬೇಕಾದಷ್ಟು ಬಿದ್ದಿತ್ತು), ಕಾಲು ಪಾಲು ಕೆಮ್ಮಣ್ಣು, ಕಾಲು ಪಾಲು ಗೊಬ್ಬರ. ಪ್ಲಾಸ್ಟಿಕ್ ಕುಂಡ ಬಿಸಾಕಿ ತೂತಿರೋ ಮಣ್ಣಿನ ಕುಂಡ ತಂದೆ. ಮೇಲಿಂದ ನೀರು ಹಾಕಿದರೆ ಕ್ಷಣದಲ್ಲಿ ಕೆಳಗೆ ಇಳೀಬೇಕು, ನಿಲ್ಲಬಾರದು. ತುಂಡು ನೆಟ್ಟು ಕೂತೆ. ಒಂದು ತಿಂಗಳು ಏನೂ ಇಲ್ಲ. ಸತ್ತಿದೆಯಾ ಬದುಕಿದೆಯಾ ಅಂತ ಕಿತ್ತು ನೋಡೋ ಆಸೆ ದಿನಾ ಬರೋದು. ಕಿತ್ತರೆ ಆಗಷ್ಟೇ ಬರ್ತಿರೋ ಎಳೆ ಬೇರು ಮುರಿಯುತ್ತೆ. ಅದಕ್ಕೆ ಕಿಟಕಿಗೆ ಬೆನ್ನು ಹಾಕಿ ಎಂ-3 ಲೆಕ್ಕ ಮಾಡ್ತಾ ಕೂರ್ತಿದ್ದೆ. ಏಳನೇ ವಾರ ಕೊಂಬೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು.

ಆಮೇಲಿಂದ ನಾನು ಪಾಲಿಸಿಕೊಂಡು ಬಂದ ಕ್ರಮ ಇಷ್ಟೇ, ನಿಮ್ಮಲ್ಲಿ ಯಾರಾದರೂ ಈ ಗಿಡ ತಂದರೆ ಉಪಯೋಗಕ್ಕೆ ಬಂದೀತು. ನೀರು ಹಾಕೋ ಮೊದಲು ಊದುಬತ್ತಿಯ ಕಡ್ಡಿ ಮಣ್ಣಿಗೆ ಚುಚ್ಚಿ ತೆಗೀರಿ. ಕಡ್ಡಿಗೆ ಮಣ್ಣು ಅಂಟಿದ್ದರೆ ಹಾಕಬೇಡಿ. ಒಣಗಿದ್ದರೆ ಕೆಳಗಿನಿಂದ ಇಳಿಯೋ ತನಕ ಹಾಕಿ, ಆಮೇಲೆ ಮತ್ತೆ ಪೂರ್ತಿ ಒಣಗೋವರೆಗೆ ಬಿಟ್ಟುಬಿಡಿ. ಬಿಸಿಲು ಐದಾರು ಗಂಟೆ ಬೇಕೇ ಬೇಕು, ಇಲ್ಲದಿದ್ದರೆ ಕೊಂಬೆ ಸೊರಗಿ ಉದ್ದ ಹೋಗುತ್ತೆ, ಹೂ ಬರಲ್ಲ. ನಾನು ಸೆಕ್ಯೂರಿಟಿ ಅಂಕಲ್‌ನ ಕಾಡಿ ಬೇಡಿ ಟೆರೇಸ್‌ನ ನೀರಿನ ಟ್ಯಾಂಕ್ ಪಕ್ಕ ಒಂದು ಜಾಗ ಸಂಪಾದಿಸಿದೆ. ಮಳೆಗಾಲದಲ್ಲಿ ಮಾತ್ರ ಕಿಟಕಿಗೆ ವಾಪಸ್. ಡಿಸೆಂಬರ್ ಚಳಿಗೆ ಎಲೆ ಉದುರಿದರೆ ಗಾಬರಿ ಬೇಡ, ಅದು ನಿದ್ದೆ. ಆಗ ಎರಡು ಮೂರು ವಾರಕ್ಕೊಮ್ಮೆ ಒಂಚೂರು ನೀರು ಸಾಕು. ಗಡ್ಡೆಯನ್ನು ಆಗಾಗ ಒತ್ತಿ ನೋಡಿ. ಗಟ್ಟಿಯಿದ್ದರೆ ಹೊಟ್ಟೆ ತುಂಬಿದೆ. ಸುತ್ತಲೂ ಒಂದೇ ಥರ ಸ್ವಲ್ಪ ಸಡಿಲವಾದರೆ ಬಾಯಾರಿಕೆ. ಒಂದೇ ಕಡೆ ಮೆತ್ತಗಾದರೆ ಚಾಕು ಹುಡುಕಿ. ಗೊಬ್ಬರ ಜಾಸ್ತಿ ಹಾಕಲಾ ಅಂತ ಅಪ್ಪನ್ನ ಕೇಳಿದ್ದಕ್ಕೆ "ನಿಂಗೆ ಸೊಪ್ಪು ಬೇಕಾ, ಹೂ ಬೇಕಾ?" ಅಂದ. ಸಾರಜನಕ ಹೆಚ್ಚಾದರೆ ಬರೀ ಎಲೆ.

ಮೂರನೇ ವರ್ಷ ಒಂದು ದಿನ ಟೆರೇಸಿಗೆ ಹೋದರೆ ಒಂದೂ ಎಲೆ ಇಲ್ಲ. ಬೆರಳು ಗಾತ್ರದ ಹಸಿರು ಹುಳು ಒಂದು, ತಲೆ ಹತ್ತಿರ ಎರಡು ನೀಲಿ ಕಣ್ಣಿನಂಥ ಚುಕ್ಕೆ, ಕೊನೆಯ ಎಲೆ ಮೆಲ್ಲುತ್ತಿತ್ತು. ಕಣಗಿಲೆ ಪತಂಗದ ಮರಿ. ಮನುಷ್ಯನಿಗೆ ವಿಷವಾದ ಹಾಲು ಅದಕ್ಕೆ ಊಟ. ಕಡ್ಡಿಯಲ್ಲಿ ಎತ್ತಿ ಕ್ಯಾಂಪಸ್ಸಿನ ಕಣಗಿಲೆ ಗಿಡಕ್ಕೆ ಬಿಟ್ಟು ಬಂದೆ. ಗಿಡ ಬೇಜಾರು ಮಾಡಿಕೊಳ್ಳದೆ ತಿಂಗಳೊಳಗೆ ಮತ್ತೆ ಚಿಗುರಿತು. ಗಡ್ಡೆ ಇದ್ದೋರಿಗೆ ಅದೊಂದು ಧೈರ್ಯ.

ಅದೇ ವರ್ಷ ಮಾರ್ಚ್‌ನಲ್ಲಿ ಒಂದು ಮೊಗ್ಗು ಬಂತು. ಎಲ್ಲರಿಗೂ ತೋರಿಸೋ ಉತ್ಸಾಹದಲ್ಲಿ ಕುಂಡ ಎತ್ತಿಕೊಂಡು ರೂಮಿಂದ ರೂಮಿಗೆ ಮೆರವಣಿಗೆ ಮಾಡಿ ಎರಡು ದಿನ ಒಳಗೇ ಇಟ್ಟುಕೊಂಡೆ. ಮೂರನೇ ದಿನ ಮೊಗ್ಗು ಉದುರಿತು. ಬಿಸಿಲಿನಿಂದ ಏಕಾಏಕಿ ನೆರಳಿಗೆ ತಂದರೆ ಹಾಗಾಗುತ್ತಂತೆ. ಆ ವಾರವೇ ಎಂ-3 ಎರಡನೇ ಸಲ ಹೋದದ್ದು ಗೊತ್ತಾಯ್ತು. ಈ ಸಲ ರಿಸಲ್ಟ್ ಬಂದ ಹತ್ತು ನಿಮಿಷಕ್ಕೆ ಮನೆಗೆ ಫೋನ್ ಮಾಡಿದೆ. ಉಳಿದ ಮೂರು ಪಾಸಾಗಿತ್ತು. "ಮೂರು ಬಂತಲ್ಲ" ಅಂದ ಅಪ್ಪ. ಎಂ-3 ಮೂರನೇ ಸಲಕ್ಕೆ ಪಾಸಾಯಿತು, ಬರಬೇಕಾದ್ದಕ್ಕಿಂತ ಎರಡೇ ಎರಡು ಮಾರ್ಕ್ಸ್ ಜಾಸ್ತಿ. ಬ್ಯಾಕ್‌ಲಾಗ್ ಇತ್ತು ಅಂತ ಕೆಲವು ಕಂಪನಿಗಳಿಗೆ ಕೂರೋಕೇ ಬಿಡಲಿಲ್ಲ. ಇದನ್ನು ಬರೆಯೋ ಹೊತ್ತಿಗೂ ನನಗೆ ಪ್ಲೇಸ್‌ಮೆಂಟ್ ಆಗಿಲ್ಲ. ಗಿಡ ಸಾಕಿದ್ದರಿಂದ ಬದುಕು ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ.

ಈ ಮಾರ್ಚ್‌ನಲ್ಲಿ ಮತ್ತೆ ಮೊಗ್ಗು ಬಂತು, ಎರಡು. ಯಾರಿಗೂ ಹೇಳಲಿಲ್ಲ, ಕುಂಡ ಮುಟ್ಟಲೂ ಇಲ್ಲ. ಕೊಯ್ದು ಇಪ್ಪತ್ತು ತಿಂಗಳಾದ ಮೇಲೆ, ಒಂದು ಬೆಳಗ್ಗೆ ಎರಡೂ ಅರಳಿದ್ದವು. ಅಂಚಿನಲ್ಲಿ ಗಾಢ ಗುಲಾಬಿ, ಒಳಗೆ ಹೋದಂತೆ ಬಿಳಿ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ಕಾಲೇಜು ಮುಗಿದರೆ ಇದನ್ನು ಏನು ಮಾಡೋದು ಅನ್ನೋ ಚಿಂತೆ ನನಗೆ ಆಗಲೇ ಹತ್ತಿತ್ತು. ನಮ್ಮೂರ ಮಳೆ ಇದಕ್ಕೆ ಆಗಿಬರಲ್ಲ. ಜೂನ್‌ನಲ್ಲಿ ಅಂಗಳದಲ್ಲಿ ಇಟ್ಟರೆ ಜುಲೈಗೆ ಗಡ್ಡೆ ಇರಲ್ಲ. ಯಾರಾದರೂ ಜೂನಿಯರ್‌ಗೆ ಕೊಟ್ಟುಬಿಡೋಣ ಅಂದುಕೊಂಡಿದ್ದೆ.

ಅಪ್ಪನಿಗೆ ಟೈಪ್ ಮಾಡೋಕೆ ಬರಲ್ಲ, ವಾಯ್ಸ್ ಮೆಸೇಜ್ ಬಂತು. "ಅಡಿಕೆ ಒಣಗಿಸೋ ಶೆಡ್ಡಲ್ಲಿ ಒಂದು ಮೂಲೆ ಖಾಲಿ ಮಾಡಿದೀನಿ. ಪ್ಲಾಸ್ಟಿಕ್ ಮಾಡು, ಮಳೆ ಬೀಳಲ್ಲ, ಬಿಸಿಲು ಬರ್ತದೆ. ಬರುವಾಗ ತಗೊಂಡು ಬಾ." ಅಲ್ಲಿಗೆ ಮುಗೀತು ಅಂದುಕೊಂಡೆ. ಹೂವಿನ ಬಗ್ಗೆ ಒಂದು ಮಾತೂ ಇಲ್ಲವಲ್ಲ ಅಂತ ಒಂಚೂರು ಬೇಜಾರೂ ಆಯಿತು. ಅಷ್ಟರಲ್ಲಿ ಇನ್ನೊಂದು ಮೆಸೇಜ್ ಬಂತು, ಮೂರು ಸೆಕೆಂಡಿನದು.

"ಗಡ್ಡೆ ಗಟ್ಟಿ ಇದೆಯಾ?"

ಟೆರೇಸಿಗೆ ಹೋಗಿ ಹೆಬ್ಬೆರಳಲ್ಲಿ ಸುತ್ತಲೂ ಒತ್ತಿ ನೋಡಿದೆ. ಗಟ್ಟಿ ಇತ್ತು. ಹಾಗೇ ಹೇಳಿದೆ.